ರಾಗಿ ಬಿಟ್ಟು ಹೋಗುವ ಮುನ್ನ



ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಚಿಂತೆ ಹತ್ತಿತು. ಎಚ್-ಇಂಡೆಕ್ಸ್ ಎಂಬ ಮಾತು ಸಾಲುಸಾಲಿಗೂ ಇದೆ. ಬೆಂಕಿ ರೋಗ ತಡೆಯುವ ರಾಗಿ ತಳಿಗಳ ಮಾತು ಒಂದೇ ಕಡೆ, ಅದೂ ‘ಬಿಡಬೇಕೆಂದಿದ್ದೇನೆ’ ಎನ್ನುವಲ್ಲಿ. ಮನುಷ್ಯರ ಜೀನೋಮಿನ ದೊಡ್ಡ ತಂಡ ಸೇರುವುದೋ ಬಿಡುವುದೋ ನಿನ್ನ ನಿರ್ಧಾರ. ನೀನು ತೂಗುತ್ತಿರುವ ಕಲ್ಲು ಸರಿಯಿದೆಯೇ ಎಂದಷ್ಟೇ ನೋಡುತ್ತೇನೆ.

ಎಚ್-ಇಂಡೆಕ್ಸಿನ ಬುಡದಲ್ಲಿರುವ ಉಲ್ಲೇಖದ ಎಣಿಕೆ ಕಣ್ಣು ಬಿಟ್ಟದ್ದು ನಮ್ಮ ತಳಿವಿಜ್ಞಾನದ ಮನೆಯಲ್ಲೇ ಎಂಬುದು ನಿನ್ನ ತಲೆಮಾರಿಗೆ ಮರೆತಿದೆ. 1955ರಲ್ಲಿ ಯೂಜೀನ್ ಗಾರ್ಫೀಲ್ಡ್ ಉಲ್ಲೇಖ ಸೂಚಿಯ ಯೋಚನೆಯನ್ನು ಮುಂದಿಟ್ಟಾಗ ಅವರ ಚಿಂತೆ, ತಪ್ಪು ಮಾಹಿತಿಯನ್ನೂ ಹಳಸಿದ ಮಾಹಿತಿಯನ್ನೂ ಜನ ವಿಚಾರಿಸದೆ ಎತ್ತಿ ಬಳಸುತ್ತಾರಲ್ಲ ಎಂಬುದಾಗಿತ್ತು. ಒಂದು ಹಳೆಯ ಪ್ರಬಂಧವನ್ನು ಆಮೇಲೆ ಯಾರು ಮುಂದುವರಿಸಿದರು, ಯಾರು ಅಲ್ಲಗಳೆದರು ಎಂದು ಹುಡುಕಲು ಒಂದು ದಾರಿ ಬೇಕಿತ್ತು. ಅವರ ಬೆನ್ನಿಗೆ ನಿಂತವರು ಬ್ಯಾಕ್ಟೀರಿಯಾಗಳ ತಳಿವಿಜ್ಞಾನಕ್ಕೆ ನೊಬೆಲ್ ಪಡೆದಿದ್ದ ಜೋಶುವಾ ಲೆಡರ್‌ಬರ್ಗ್. 1963ರಲ್ಲಿ ಪ್ರಯೋಗಕ್ಕೆಂದು ಹೊರಬಂದದ್ದು ‘ಜೆನೆಟಿಕ್ಸ್ ಸೈಟೇಶನ್ ಇಂಡೆಕ್ಸ್’. ಎಲ್ಲ ವಿಜ್ಞಾನಗಳ ಸೂಚಿ ಬಂದದ್ದು ಮರುವರ್ಷ. ಇಪ್ಪತ್ತು ಪ್ರಬಂಧಗಳಿಗೆ ತಲಾ ಇಪ್ಪತ್ತಾದರೂ ಉಲ್ಲೇಖವಿದ್ದರೆ ನಿನ್ನ ಅಂಕ ಇಪ್ಪತ್ತು ಎನ್ನುವ ಎಚ್-ಇಂಡೆಕ್ಸಿನ ಲೆಕ್ಕವನ್ನು ಹೊರ್ಗೆ ಹಿರ್ಶ್ ಎಂಬ ಭೌತವಿಜ್ಞಾನಿ ಕೊಟ್ಟದ್ದು 2005ರಲ್ಲಿ. ದಾರಿ ತೋರಿಸಲು ಮಾಡಿದ ನಕ್ಷೆಯಿಂದ ಜಮೀನಿನ ಬೆಲೆ ಕಟ್ಟಿದ ಹಾಗಾಯಿತು.

ಎಣಿಕೆ ಸುಳ್ಳು ಎನ್ನುತ್ತಿಲ್ಲ. ಅದು ಅಳೆಯುವುದೇ ಬೇರೆಯದನ್ನು. 2014ರಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಪ್ರಬಂಧಗಳ ಪಟ್ಟಿಯೊಂದು ಪ್ರಕಟವಾಯಿತು. ಮೊದಲನೆಯದು ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ, 1951ರ ಲೌರಿ ವಿಧಾನ. ಉಲ್ಲೇಖ ಮೂರು ಲಕ್ಷ ದಾಟಿತ್ತು. ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಡಿಎನ್‌ಎ ರಚನೆ ಹೇಳಿದ ಪುಟ ಆ ನೂರರಲ್ಲಿ ಇರಲೇ ಇಲ್ಲ. ಕೈಗೆ ಒದಗುವ ಸಲಕರಣೆಯನ್ನು ಎಲ್ಲರೂ ಹೆಸರಿಸುತ್ತಾರೆ. ಪಠ್ಯಪುಸ್ತಕಕ್ಕೆ ಹೋದ ಸತ್ಯವನ್ನು ಯಾರೂ ಹೆಸರಿಸುವುದಿಲ್ಲ. ಇದಾದರೂ ಸಾಧುವಾದ ಉದಾಹರಣೆ. ಇನ್ನೊಂದನ್ನು ನೋಡು. ಸೆರೊಟೋನಿನ್ ಸಾಗಣೆಗೆ ಸಂಬಂಧಿಸಿದ ಒಂದು ಜೀನಿನ ರೂಪಭೇದಕ್ಕೂ ಬದುಕಿನ ಆಘಾತಕ್ಕೂ ಖಿನ್ನತೆಗೂ ನಂಟಿದೆ ಎಂದು 2003ರಲ್ಲಿ ಒಂದು ಪ್ರಬಂಧ ಬಂತು. ಸಾವಿರಾರು ಉಲ್ಲೇಖ, ಅದರ ಬೆನ್ನು ಹತ್ತಿ ವರ್ಷಗಟ್ಟಲೆ ಪ್ರಬಂಧಗಳು, ಅವುಗಳ ಮೇಲೆ ನೌಕರಿಗಳು. 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ಇಟ್ಟುಕೊಂಡು ಆ ಜೀನನ್ನೂ ಅದರಂಥ ಇತರ ಹದಿನೇಳನ್ನೂ ಪರೀಕ್ಷಿಸಿದಾಗ ಆ ನಂಟಿಗೆ ಆಧಾರ ಸಿಗಲಿಲ್ಲ. ಉಲ್ಲೇಖಗಳು ಮಾತ್ರ ಲೆಕ್ಕದಲ್ಲಿ ಹಾಗೆಯೇ ಕೂತಿವೆ. ಗಾರ್ಫೀಲ್ಡ್ ಅಂಜಿದ್ದು ಇದಕ್ಕೇ ಅಲ್ಲವೇ?

ಈಗ ರಾಗಿಗೆ ಬಾ. ಭತ್ತದ ಜೀನೋಮ್ 2005ಕ್ಕೇ ಪೂರ್ತಿಯಾಯಿತು. ನಮ್ಮ ಎಂಎಲ್-365 ರಾಗಿ ತಳಿಯ ಜೀನೋಮಿನ ಕರಡು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡದಿಂದ ಬಂದದ್ದು 2017ರಲ್ಲಿ. ಎರಡು ಪೂರ್ವಜ ಹುಲ್ಲುಗಳ ಜೀನೋಮ್ ಒಂದರೊಳಗೊಂದು ಹೆಣೆದುಕೊಂಡ ಮೂವತ್ತಾರು ವರ್ಣತಂತುಗಳ ಗಿಡ ಅದು, ಬಿಡಿಸುವುದು ಕಷ್ಟ. ಅದರಲ್ಲಿ ದುಡಿಯುವ ಪ್ರಯೋಗಾಲಯಗಳು ಕಡಿಮೆ. ಅಷ್ಟೂ ಜನ ನಿನ್ನನ್ನೇ ಹೆಸರಿಸಿದರೂ ಅಂಕ ಸಣ್ಣದೇ, ಏಕೆಂದರೆ ಉಲ್ಲೇಖ ಮೊದಲು ಎಣಿಸುವುದು ಸಂತೆಯ ಜನವನ್ನು, ಸರಕನ್ನಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರ ಕೆಲಸವನ್ನು ಯಾವ ಅಂಕದಲ್ಲಿ ಬರೆಯುತ್ತೀಯ? ರೈತ ಬಿತ್ತುವಾಗ ಅಡಿಟಿಪ್ಪಣಿ ಹಾಕುವುದಿಲ್ಲ.

‘ಸಂದರ್ಶನದ ಸಮಿತಿಗೆ ಇದೆಲ್ಲ ಹೇಳಿ’ ಎನ್ನುತ್ತೀಯ. ನಿಜ. ಪಿಎಚ್.ಡಿ.ಗೆ ಮೊದಲು ಪೇಪರ್ ಅಚ್ಚಾಗಲೇಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರಲ್ಲಿ ತೆಗೆದರೂ ಸಮಿತಿಗಳ ಅಭ್ಯಾಸ ಹೋಗಿಲ್ಲ, ಹೊಟ್ಟೆಪಾಡಿನ ಮುಂದೆ ನನ್ನ ವಾದ ತೆಳು. ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ಅಂಕವಿಲ್ಲದಿದ್ದರೆ ವಶೀಲಿಯೇ ಗೆಲ್ಲುತ್ತದೆ, ಹಳ್ಳಿ ಕಡೆಯ ಹುಡುಗರಿಗೆ ಸಂಖ್ಯೆಯಾದರೂ ಆಸರೆ. ಇದನ್ನು ಅಷ್ಟು ಸುಲಭವಾಗಿ ತಳ್ಳಲಾರೆ. ಆದರೆ ಆ ದೊಡ್ಡ ತಂಡಕ್ಕೆ ಸೇರಲೂ ಯಾರದೋ ಕೈ ಬೇಕಲ್ಲ? ನೂರಾರು ಹೆಸರುಗಳ ನಡುವೆ ನಿನ್ನದೊಂದು ಸಿಕ್ಕಿ ಅಂಕ ಏರಿದರೆ ಅದು ನಿನ್ನ ಕೆಲಸವೋ ನಿನ್ನ ವಿಳಾಸವೋ ಎಂದು ಸಂಖ್ಯೆ ಹೇಳುವುದಿಲ್ಲ. ಬದುಕಿದ್ದಾಗ ಕೆಲಸಕ್ಕೆ ಮನ್ನಣೆ ಸಿಗದ ಮೆಂಡೆಲ್‌ನನ್ನು ತೋರಿಸಿ ಸೋಮಾರಿತನ ಮುಚ್ಚಿಕೊಳ್ಳುವವರೂ ಇದ್ದಾರೆ, ಒಪ್ಪಿದೆ. ಅಂಥವರಿಗೆ ನಾನೇ ಬೈಯುತ್ತೇನೆ. ನೀನು ಆ ಜಾತಿಯಲ್ಲ.

ಕಟುವಾಗಿ ಬರೆದೆನೇನೋ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೋಗಲೇಬೇಕೆಂದಿದ್ದರೆ ಹೋಗು, ಮಗೂ. ಅದಕ್ಕೆ ಮೊದಲು ಬೆಂಕಿ ರೋಗದ ಮೇಲೆ ನೀನು ಎರಡು ಹಂಗಾಮು ಮಾಡಿದ ಪ್ರಯೋಗದ ಲೆಕ್ಕವನ್ನು, ಕೈಕೊಟ್ಟ ತಾಕುಗಳನ್ನೂ ಬಿಡದೆ, ಬರೆದು ಕಳಿಸು. ಸಿವಿ ಬೇಡ.