ಕೀಲಿಮಣೆಗೆ ತಕ್ಕ ಮೈಕ್ರೊಕಂಟ್ರೋಲರ್

ಗಣಕಯಂತ್ರದ ಕೀಲಿಮಣೆಯನ್ನು ಮನೆಯಲ್ಲಿಯೇ ರಚಿಸುವುದು ವಿದ್ಯಾರ್ಥಿಗಳಿಗೆ ಅಸಾಧ್ಯವೇನಲ್ಲ. ಆದರೆ ಒತ್ತಿದ ಕೀಲಿ ಯಾವುದೆಂದು ಗುರುತಿಸಿ ಗಣಕಕ್ಕೆ ತಿಳಿಸುವ ಮೈಕ್ರೊಕಂಟ್ರೋಲರ್ ಎಂಬ ಚಿಪ್ಪನ್ನು ಆರಿಸುವಲ್ಲಿ ವಿವೇಚನೆ ಅವಶ್ಯಕ. ತಪ್ಪಾಗಿ ಆರಿಸಿದರೆ ಹಣವೂ ಶ್ರಮವೂ ವ್ಯರ್ಥ. ಆರಿಸುವ ಕ್ರಮವನ್ನು ನಾವಿಲ್ಲಿ ವಿಚಾರಿಸೋಣ.

ಮೊದಲನೆಯದು ಪಿನ್ನುಗಳ ಎಣಿಕೆ. 60 ಕೀಲಿಗಳಿಗೆ 60 ಪಿನ್ನುಗಳು ಬೇಕೆಂದು ಭಾವಿಸಬಾರದು. ತರಗತಿಯಲ್ಲಿ ಎಷ್ಟನೆಯ ಬೆಂಚು, ಎಷ್ಟನೆಯ ಸ್ಥಾನ ಎಂದರೆ ವಿದ್ಯಾರ್ಥಿ ಯಾರೆಂಬುದು ತಿಳಿಯುವಂತೆ, ಕೀಲಿಗಳನ್ನು 5 ಅಡ್ಡಸಾಲು, 12 ಉದ್ದಸಾಲುಗಳಲ್ಲಿ ಜೋಡಿಸಿದರೆ 17 ಪಿನ್ನುಗಳೇ ಸಾಕು. ಚಿಪ್ ಅಡ್ಡಸಾಲುಗಳನ್ನು ಸರದಿಯಂತೆ ಪರೀಕ್ಷಿಸುತ್ತ, ಯಾವ ಉದ್ದಸಾಲಿನೊಡನೆ ಸಂಪರ್ಕ ಏರ್ಪಟ್ಟಿದೆಯೆಂಬುದನ್ನು ಅರಿಯುತ್ತದೆ. ಆಯತವೊಂದರ ಮೂರು ಮೂಲೆಗಳ ಕೀಲಿಗಳನ್ನು ಒಮ್ಮೆಗೇ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ತೋರುವುದುಂಟು. ಪ್ರತಿ ಕೀಲಿಗೂ ಒಂದು ಡಯೋಡನ್ನು ಜೋಡಿಸಿ ಈ ಭ್ರಾಂತಿಯನ್ನು ನಿವಾರಿಸಬೇಕು.

ಎರಡನೆಯದು ಯುಎಸ್‌ಬಿ ಸಂಪರ್ಕ. ಪ್ರಯೋಗಶಾಲೆಗಳಲ್ಲಿ ಪರಿಚಿತವಾದ ಎಟಿಮೆಗಾ 328ಪಿ ಚಿಪ್ಪಿನಲ್ಲಿ ಯುಎಸ್‌ಬಿಯ ಅಂಗವೇ ಇಲ್ಲವಾದ್ದರಿಂದ ಹೊಸಬರಿಗೆ ಅದು ತಕ್ಕುದಲ್ಲ. ಎಟಿಮೆಗಾ 32ಯು4ರಲ್ಲಿ ಆ ಅಂಗವು ಅಂತರ್ಗತವಾಗಿದೆ. ಅದಕ್ಕೆ 26 ಪಿನ್ನುಗಳುಂಟು. ಆದರೆ ಅದನ್ನು ಕೂರಿಸಿದ ಪ್ರೊ ಮೈಕ್ರೊ ಬೋರ್ಡಿನಲ್ಲಿ ನಮಗೆ ದೊರೆಯುವುವು 18 ಮಾತ್ರ. ಆದುದರಿಂದ ಚಿಪ್ಪಿನ ಪಿನ್ನುಗಳನ್ನಲ್ಲ, ಕೊಳ್ಳುವ ಬೋರ್ಡಿನ ಪಿನ್ನುಗಳನ್ನೇ ಎಣಿಸಬೇಕು.

ಮೂರನೆಯದು ಸ್ಮರಣಶಕ್ತಿ. 32ಯು4ರಲ್ಲಿ ಕಾರ್ಯಕ್ರಮಕ್ಕಿರುವ ಸ್ಥಳ 32 ಕಿಲೋಬೈಟು; ಸಾಮಾನ್ಯ ಕೀಲಿಮಣೆಗೆ ಇಷ್ಟು ಸಾಕು. ಬಣ್ಣದ ದೀಪ, ಪುಟ್ಟ ಪರದೆಗಳನ್ನೂ ಸೇರಿಸುವುದಾದರೆ ಸ್ಥಳ ಸಾಲದೆ ಹೋಗಬಹುದು. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡಿನಲ್ಲಿ 2 ಮೆಗಾಬೈಟು ಸ್ಥಳವೂ 26 ಪಿನ್ನುಗಳೂ ಇವೆ. 6 ಅಡ್ಡಸಾಲು, 18 ಉದ್ದಸಾಲುಗಳನ್ನು ಮಾಡಿದರೆ 104 ಕೀಲಿಗಳ ಪೂರ್ಣ ಮಣೆಗೂ 24 ಪಿನ್ನುಗಳು ಸಾಕಾಗುವುದರಿಂದ ಇದು ಅದಕ್ಕೂ ಒದಗುತ್ತದೆ. ಆದರೆ ಇದರ ಪಿನ್ನುಗಳು 3.3 ವೋಲ್ಟಿನವು, ಅವುಗಳಿಗೆ 5 ವೋಲ್ಟನ್ನು ನೇರವಾಗಿ ಕೊಡಲಾಗದು.

ಕನ್ನಡಕ್ಕೆ ಬೇರೆಯೇ ಚಿಪ್ ಬೇಕೆ? ಬೇಡ. ಕೀಲಿಮಣೆಯು ಗಣಕಕ್ಕೆ ಕಳುಹಿಸುವುದು ಅಕ್ಷರವನ್ನಲ್ಲ, ಕೀಲಿಯ ಸಂಕೇತಸಂಖ್ಯೆಯನ್ನು. ಅದರಿಂದ ಇಂಗ್ಲಿಷಿನ 'ಕೆ' ಮೂಡಬೇಕೋ, ಕೆ. ಪಿ. ರಾವ್ ಅವರ ವಿನ್ಯಾಸದಂತೆ ಕನ್ನಡದ 'ಕ' ಮೂಡಬೇಕೋ ಎಂಬುದನ್ನು ಗಣಕದ ತಂತ್ರಾಂಶವು ನಿರ್ಧರಿಸುತ್ತದೆ. ನಮ್ಮ ನುಡಿಯನ್ನು ಬರೆಯಲು ವಿಶೇಷ ಯಂತ್ರಕ್ಕಾಗಿ ಕಾಯಬೇಕಾಗಿಲ್ಲ.

ಆದಕಾರಣ ಅಂಗಡಿಗೆ ಹೋಗುವ ಮುನ್ನ ಕಾಗದದ ಮೇಲೆ ಸಾಲುಗಳನ್ನು ಬರೆದು ಎಣಿಸೋಣ. ಶಕ್ತಿ ಹೆಚ್ಚಿದ್ದುದೇ ಉತ್ತಮವೆಂದಲ್ಲ. ಕಾರ್ಯಕ್ಕೆ ಒದಗುವುದೇ ಉತ್ತಮ.