ತವರಿಗೆ ಬರೆದ ಮಾತು ಸರ್ಕಾರ ಓದುತ್ತದೆಯೇ?

ಅಫಜಲಪುರದ ಸಹೋದರಿಗೆ,

ಗಂಡನ ಮನೆಯ ಕಷ್ಟವನ್ನು ಜೇವರ್ಗಿಯ ಅವ್ವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆಯಲು ಅಂಜಬೇಡಿ. ಆ ಸಂದೇಶ ಗೂಢಲಿಪಿಯಲ್ಲಿ (ಎನ್‌ಕ್ರಿಪ್ಶನ್) ಹೋಗುವುದರಿಂದ ನಿಮ್ಮಿಬ್ಬರ ಫೋನಿನಲ್ಲಷ್ಟೇ ಓದಲು ಸಿಗುತ್ತದೆ. ಆದರೆ ಆದೇಶ ಬಂದಾಗ ಸಂದೇಶವನ್ನು ಮೊದಲು ಕಳುಹಿಸಿದವರನ್ನು ವಾಟ್ಸ್‌ಆ್ಯಪ್‌ನಂಥ ಕಂಪನಿಗಳು ಗುರುತಿಸಿಕೊಡಬೇಕೆಂದು 2021ರ ಐಟಿ ನಿಯಮ ಹೇಳುತ್ತದೆ. ಅದಕ್ಕಾಗಿ ಎಲ್ಲರ ಗೂಢಲಿಪಿಯನ್ನೂ ಮುರಿಯಬೇಕಾಗುತ್ತದೆ ಎಂದು ವಾಟ್ಸ್‌ಆ್ಯಪ್ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು.

ಈ ನಿಯಮ ಅಪರಾಧ ಪತ್ತೆಗೇ ಇದ್ದರೂ, ಅದಕ್ಕೆ ಇಷ್ಟೆಲ್ಲ ಬೇಕೇ? ನಿಮ್ಮ ಪಕ್ಕದ ಆಳಂದದಲ್ಲೇ ನೋಡಿ. 2023ರ ಚುನಾವಣೆಗೆ ಮುನ್ನ ಮತದಾರರ ಹೆಸರು ಅಳಿಸಲು 6,018 ಅರ್ಜಿ ಬಂದವು. ಸರಿಯಿದ್ದದ್ದು 24 ಮಾತ್ರ. ಸಿಐಡಿ ಪೊಲೀಸರು ಜಾಡು ಹುಡುಕಿದ್ದು ಆ ಅರ್ಜಿಗಳು ಬಂದ ಇಂಟರ್ನೆಟ್ ಐಪಿ ವಿಳಾಸಗಳಲ್ಲಿ. ಊರವರ ಖಾಸಗಿ ಮಾತು ಓದುವ ಅಧಿಕಾರ ಅವರಿಗೆ ಬೇಕಿರಲಿಲ್ಲ. ಆದ್ದರಿಂದ ಮೊದಲು ಕಳುಹಿಸಿದವರನ್ನು ಗುರುತಿಸಬೇಕೆನ್ನುವ ಐಟಿ ನಿಯಮ ತಪ್ಪು ಎಂದೇ ನನ್ನ ಅಭಿಪ್ರಾಯ.

ನಿಮಗೆ ಹತ್ತಿರದ ಅಪಾಯ, ಫೋನು ಬೇರೆಯವರ ಕೈಗೆ ಸಿಗುವುದು. ವಾಟ್ಸ್‌ಆ್ಯಪ್‌ಗೆ ಲಾಕ್ ಹಾಕಿ, ಬ್ಯಾಕಪ್‌ಗೂ ಎನ್‌ಕ್ರಿಪ್ಶನ್ ಆನ್ ಮಾಡಿ, ಒಟಿಪಿ ಯಾರಿಗೂ ಹೇಳಬೇಡಿ. ಅವ್ವನಿಗೆ ಇವತ್ತೇ ಬರೆಯಿರಿ.