ಓಡಿ ಬಂದು ಎತ್ತಬೇಕಿಲ್ಲದ ಫೋನ್

ಪ್ರಶ್ನೆ: ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ ಅಪ್ಪ, ಅಮ್ಮ ಇಬ್ಬರೇ ಇದ್ದಾರೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಲ್ಯಾಂಡ್‌ಲೈನೇ ಗತಿ. ಹಿತ್ತಿಲಿನಿಂದಲೋ ಕೊಟ್ಟಿಗೆಯಿಂದಲೋ ಬರುವಷ್ಟರಲ್ಲಿ ರಿಂಗ್ ನಿಂತಿರುತ್ತದೆ. ಆನ್ಸರಿಂಗ್ ಮಷೀನ್ ಇರುವ ಕಾರ್ಡ್‌ಲೆಸ್ ಫೋನ್ ಕೊಡಿಸಬೇಕು ಅಂದುಕೊಂಡಿದ್ದೇನೆ. ಅಮೆರಿಕದಲ್ಲಿರುವ ತಂಗಿ ಅಲ್ಲಿಂದಲೇ ತರುತ್ತೇನೆ ಎನ್ನುತ್ತಿದ್ದಾಳೆ. ತರಿಸಬಹುದೇ? ಏನೇನು ನೋಡಿ ಕೊಳ್ಳಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ತಂಗಿಗೆ ಇವತ್ತೇ ಹೇಳಿಬಿಡಿ, ಅಲ್ಲಿಂದ ತರುವುದು ಬೇಡ. ಅಮೆರಿಕದಲ್ಲಿ ಸಿಗುವ ಕಾರ್ಡ್‌ಲೆಸ್ ಸೆಟ್‌ಗಳ ಡಬ್ಬದ ಮೇಲೆ ಸಾಮಾನ್ಯವಾಗಿ ‘ಡೆಕ್ಟ್ 6.0’ ಎಂದು ಬರೆದಿರುತ್ತದೆ. ಅವು 1920ರಿಂದ 1930 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ನಮ್ಮಲ್ಲಿ ಆ ತರಂಗಾಂತರ ಮೊಬೈಲ್ ಕಂಪನಿಗಳದ್ದು. ಫೋನಿನಿಂದ ಟವರ್‌ಗೆ ಮಾತು ಹೋಗುವ ದಾರಿ. ಅಲ್ಲಿ ಮನೆಯ ಸೆಟ್ ಒಂದು ಹಗಲೂ ರಾತ್ರಿ ಸದ್ದು ಮಾಡುತ್ತಿದ್ದರೆ ಸುತ್ತಲಿನವರ ಮೊಬೈಲಿಗೆ ಅಡ್ಡಿ, ಕಾನೂನಿಗೂ ವಿರುದ್ಧ. ಜೊತೆಗೆ ಅದರ ಅಡಾಪ್ಟರ್ ಬಹುಪಾಲು 120 ವೋಲ್ಟ್‌ನದು. ನಮ್ಮ 230 ವೋಲ್ಟ್ ಪ್ಲಗ್ಗಿಗೆ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ಕರೆ ಮಾಡಿದವರ ನಂಬರ್ ಕೂಡ ಕಾಣದೇ ಹೋಗಬಹುದು. ನಂಬರ್ ಕಳಿಸಲು ನಮ್ಮ ಎಕ್ಸ್‌ಚೇಂಜ್‌ಗಳಲ್ಲಿ ಡಿಟಿಎಂಎಫ್, ಎಫ್‌ಎಸ್‌ಕೆ ಎಂಬ ಎರಡು ಬಗೆಗಳಿವೆ. ಇಲ್ಲಿಗೆಂದೇ ಮಾಡಿದ ಸೆಟ್‌ಗಳು ಎರಡನ್ನೂ ಓದುತ್ತವೆ, ಅಮೆರಿಕದ್ದಕ್ಕೆ ಗೊತ್ತಿರುವುದು ಎಫ್‌ಎಸ್‌ಕೆ ಮಾತ್ರ. ನೀವು ಇಲ್ಲೇ ಕೊಳ್ಳಿ. 2.4 ಗಿಗಾಹರ್ಟ್ಸ್ ಅಥವಾ 1880ರಿಂದ 1900 ಮೆಗಾಹರ್ಟ್ಸ್ ಎಂದಿರುವ ಸೆಟ್ ಆಗಬೇಕು. ಮನೆಯಲ್ಲಿ ವೈಫೈ ಇದ್ದರೆ ಎರಡನೆಯದು ಮೇಲು, ಏಕೆಂದರೆ ವೈಫೈ ಕೂಡ 2.4ರಲ್ಲೇ ಓಡಾಡುತ್ತದೆ.

ಆನ್ಸರಿಂಗ್ ಮಷೀನ್ ಇರುವ ಮಾದರಿಯನ್ನು ಇಲ್ಲಿ ಸ್ವಲ್ಪ ಹುಡುಕಬೇಕಾಗುತ್ತದೆ. ಅದು ನಮ್ಮ ಮನೆಗಳಲ್ಲಿ ಎಂದೂ ಬೇರೂರಲಿಲ್ಲ. ಹಳೆಯ ಕಲ್ಪನೆಯೇನೋ ಹೌದು: ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ 1898ರಲ್ಲೇ ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ಅಯಸ್ಕಾಂತದಿಂದ ಹಿಡಿದಿಡುವ ಯಂತ್ರ ಮಾಡಿದ್ದ, ಫೋನಿನ ಮಾತನ್ನು ಹಿಡಿದಿಡುವುದೂ ಅವನ ಮನಸ್ಸಿನಲ್ಲಿತ್ತು. ಆದರೆ ನಮ್ಮಲ್ಲಿ ಎಸ್‌ಟಿಡಿ ಬೂತಿನ ಮೀಟರ್ ನೋಡುತ್ತಾ ಮಾತಾಡುತ್ತಿದ್ದ ಕಾಲದಲ್ಲಿ ಯಂತ್ರ ಕರೆ ಎತ್ತಿತೆಂದರೆ ದುಡ್ಡು ಹೋಯಿತೆಂದೇ ಅರ್ಥ. ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಿದ್ದರು. ಆಮೇಲೆ ಬಂದದ್ದು ಮಿಸ್ಡ್ ಕಾಲ್. ‘ಊರು ಮುಟ್ಟಿದೆ’ ಎನ್ನಲು ಎರಡು ರಿಂಗ್ ಕೊಟ್ಟು ಇಡುವವರಿಗೆ ನಡುವೆ ಬಾಯಿ ಹಾಕುವ ಯಂತ್ರ ಯಾಕೆ ಬೇಕು? ಈಗ ಕರೆಗೆ ಬಿಡಿಯಾಗಿ ದುಡ್ಡು ಕೊಡುವವರು ಕಡಿಮೆ, ಮನೆಯಲ್ಲಿ ಉಳಿದವರು ಇಬ್ಬರೇ. ಯಂತ್ರ ನಮಗೆ ಬೇಕಾದದ್ದು ಈಗ.

ಅದರ ದೊಡ್ಡ ಉಪಕಾರ ಸಂದೇಶ ಹಿಡಿದಿಡುವುದಲ್ಲ. ನಿಮ್ಮ ತಂದೆ, ತಾಯಿ ಓಡಿ ಬರಬೇಕಾಗಿಲ್ಲ ಎನ್ನುವುದು. ಮಳೆಗಾಲದ ಪಾಚಿ ಕಟ್ಟಿದ ಅಂಗಳ, ಒದ್ದೆ ಕಾಲು, ಹೊಸ್ತಿಲು. ಫೋನ್ ನಿಲ್ಲುವುದರೊಳಗೆ ಹಿಡಿಯಬೇಕೆಂಬ ಆತುರದಲ್ಲಿ ಎಪ್ಪತ್ತು ದಾಟಿದವರು ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಆ ಕರೆ ಯಾರದಾಗಿದ್ದರೇನು? ‘ನಿಧಾನಕ್ಕೆ ಬನ್ನಿ, ನಾನು ಹೇಳಿಟ್ಟಿರುತ್ತೇನೆ’ ಎಂಬ ಧೈರ್ಯವನ್ನು ಅವರಿಗೆ ಕೊಡುವ ಸೆಟ್ ಬೇಕು ನಿಮಗೆ. ಬಣ್ಣ, ಬೆಲೆ, ನೂರೆಂಟು ಸೌಲಭ್ಯ ಎಲ್ಲ ಆಮೇಲೆ.

ಹಾಗಾಗಿ ಸೆಟ್ ತಂದ ದಿನ ಮೊದಲು ಸರಿಮಾಡಬೇಕಾದದ್ದು ಎಷ್ಟು ರಿಂಗ್ ಆದ ಮೇಲೆ ಯಂತ್ರ ಎತ್ತಬೇಕು ಎಂಬುದನ್ನು. ನಮ್ಮ ಎಕ್ಸ್‌ಚೇಂಜಿನ ರಿಂಗ್ ಜೋಡಿಯಾಗಿ ಬರುತ್ತದೆ: ಟ್ರಿಣ್ ಟ್ರಿಣ್, ಆಮೇಲೆ 2 ಸೆಕೆಂಡು ಮೌನ. ಒಂದು ಸುತ್ತಿಗೆ 3 ಸೆಕೆಂಡು. ಅಮೆರಿಕದ ರಿಂಗ್ 2 ಸೆಕೆಂಡು ಬಡಿದು 4 ಸೆಕೆಂಡು ಸುಮ್ಮನಿರುತ್ತದೆ. ಆದ್ದರಿಂದ ‘4 ರಿಂಗ್’ ಎಂದರೆ ಅಲ್ಲಿ 24 ಸೆಕೆಂಡು, ಇಲ್ಲಿ ಬರೀ 12. ಜಗುಲಿಯಿಂದ ನಡುಮನೆಗೂ ಬರಲಾಗದಷ್ಟು ಹೊತ್ತು. ಸೆಟ್ ಎಷ್ಟು ಹೆಚ್ಚು ರಿಂಗ್‌ಗೆ ಅವಕಾಶ ಕೊಡುತ್ತದೋ ಅಷ್ಟಕ್ಕೆ ಇಡಿ. ಕೆಲವು ಸೆಟ್‌ಗಳು ಜೋಡಿ ರಿಂಗನ್ನು ಎರಡೆಂದು ಎಣಿಸುವುದೂ ಉಂಟು, ಆದ್ದರಿಂದ ಬೇರೊಂದು ಫೋನಿನಿಂದ ಕರೆ ಮಾಡಿ ಗಡಿಯಾರ ಹಿಡಿದು ನೋಡಿಬಿಡಿ. ಪಟ್ಟಿಯಲ್ಲಿ ‘ಟೋಲ್ ಸೇವರ್’ ಎಂಬ ಆಯ್ಕೆ ಕಂಡರೆ ಮುಟ್ಟಬೇಡಿ. ಹೊಸ ಸಂದೇಶ ಇದ್ದಾಗ ಎರಡೇ ರಿಂಗ್‌ಗೆ ಎತ್ತಿಬಿಡುವ ಏರ್ಪಾಡು ಅದು. ದೂರದಿಂದ ಕರೆ ಮಾಡಿ ಸಂದೇಶ ಕೇಳುವವರ ದುಡ್ಡು ಉಳಿಸಲೆಂದು ಹುಟ್ಟಿದ್ದು. ಹಿರಿಯರ ಮನೆಗೆ ಅದರಿಂದ ತೊಂದರೆಯೇ.

ಇನ್ನೊಂದು ಉಪಯೋಗವನ್ನು ನಾನು ಇದರಷ್ಟೇ ಮುಖ್ಯ ಎನ್ನುತ್ತೇನೆ. ಕರೆ ಮಾಡಿದವರು ಸಂದೇಶ ಹೇಳುತ್ತಿರುವಾಗಲೇ ಅದು ಬೇಸ್‌ನ, ಅಂದರೆ ಫೋನ್ ತಂತಿ ಸೇರುವ ಪೀಠದ, ಸ್ಪೀಕರ್‌ನಲ್ಲಿ ಜೋರಾಗಿ ಕೇಳಿಸುತ್ತದೆ, ಇದಕ್ಕೆ ಕಾಲ್ ಸ್ಕ್ರೀನಿಂಗ್ ಎನ್ನುತ್ತಾರೆ. ‘ಅಮ್ಮಾ, ನಾನು’ ಎಂಬ ದನಿ ಬಂದರೆ ಹ್ಯಾಂಡ್‌ಸೆಟ್ ಎತ್ತಿ ಮಾತಾಡಬಹುದು. ಪೊಲೀಸ್ ಎಂದೋ ಕೊರಿಯರ್ ಎಂದೋ ಹೆದರಿಸುವವರ ದನಿಯಾದರೆ ಎತ್ತದೆ ಬಿಡಬಹುದು. ‘ಡಿಜಿಟಲ್ ಅರೆಸ್ಟ್’ ಎಂದು ದುಡ್ಡು ಕೀಳುವವರಿಗೆ ಮನೆಯಲ್ಲಿ ಒಬ್ಬರೇ ಇರುವ ಹಿರಿಯರೇ ಬೇಕು, ಹಿರಿಯರೊಡನೆ ಮಾತು ಬೆಳೆಸುವುದೇ ಈ ವಂಚಕರ ಕಸುಬು. ಧ್ವನಿ ಉಳಿಸಿ ಹೋಗಲು ಅವರಿಗೆ ಇಷ್ಟವಿರುವುದಿಲ್ಲ. ಬೇಸ್‌ನಲ್ಲಿಯೇ ಸ್ಪೀಕರ್, ದೊಡ್ಡ ಪ್ಲೇ ಬಟನ್ ಇರುವ ಸೆಟ್ಟನ್ನೇ ಆರಿಸಿ. ಕೆಲವು ಅಗ್ಗದ ಮಾದರಿಗಳಲ್ಲಿ ಸಂದೇಶ ಕೇಳಲು ಹ್ಯಾಂಡ್‌ಸೆಟ್‌ನ ಮೆನುವಿನೊಳಗೆ ಇಳಿಯಬೇಕು. ನಿಮ್ಮ ತಂದೆಯವರು ಒಂದು ವಾರದಲ್ಲಿ ಅದನ್ನು ಕೈಬಿಡುತ್ತಾರೆ. ಗಿಗಾಸೆಟ್ ಮಾದರಿಗಳಲ್ಲಿ ಸಂಖ್ಯೆಯ ಕೊನೆಗೆ ‘ಎ’ ಅಕ್ಷರ ಇದ್ದರೆ ಯಂತ್ರ ಸೇರಿದೆ ಎಂದರ್ಥ. ಉಳಿದವುಗಳಲ್ಲಿ ಡಬ್ಬದ ಮೇಲಿನ ವಿವರವನ್ನೇ ಓದಬೇಕು. ಕಾಲರ್ ಐಡಿ ಇದೆ ಎಂದರೆ ಆನ್ಸರಿಂಗ್ ಮಷೀನ್ ಇದೆ ಎಂದಲ್ಲ, ಅಂಗಡಿಯಲ್ಲಿ ಎರಡನ್ನೂ ಒಂದೇ ಎಂಬಂತೆ ಹೇಳುವುದುಂಟು.

ಯಂತ್ರದೊಳಗಿನ ಸಿದ್ಧ ಮಾತು ಇಂಗ್ಲಿಷ್‌ನಲ್ಲಿರುತ್ತದೆ. ಅದನ್ನು ಕೇಳಿದ ನೆಂಟರು ತಪ್ಪು ನಂಬರ್ ಎಂದು ಇಟ್ಟುಬಿಡುತ್ತಾರೆ. ನಿಮ್ಮ ತಾಯಿಯವರ ದನಿಯಲ್ಲೇ ಹತ್ತು ಸೆಕೆಂಡಿನ ಮಾತು ತುಂಬಿಸಿ: ‘ಈಗ ಫೋನ್ ಎತ್ತಲಿಕ್ಕೆ ಆಗ್ತಾ ಇಲ್ಲ. ಟೂ ಅಂತ ಶಬ್ದ ಬಂದ ಮೇಲೆ ನಿಮ್ಮ ಹೆಸರು, ವಿಷಯ ಹೇಳಿ. ಆಮೇಲೆ ಮಾಡ್ತೇವೆ.’ ಇಷ್ಟು ಸಾಕು. ‘ನಾವು ಊರಲ್ಲಿಲ್ಲ’ ಎಂಬ ಮಾತು ಮಾತ್ರ ಬರಲೇಬಾರದು.

ಇನ್ನು ಕರೆಂಟ್. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತಿರುವುದೇ. ಹಳೆಯ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ಬರುತ್ತದೆ, ಊರಿಗೆಲ್ಲ ಕತ್ತಲಾದರೂ ಅದು ಬಡಿದುಕೊಳ್ಳುತ್ತದೆ. ಕಾರ್ಡ್‌ಲೆಸ್‌ನ ಬೇಸ್ ಮನೆಯ ಕರೆಂಟಿನಲ್ಲಿ ನಡೆಯುವುದರಿಂದ, ಕರೆಂಟ್ ಹೋದರೆ ಫೋನೂ ಇಲ್ಲ, ಯಂತ್ರವೂ ಇಲ್ಲ. ಹ್ಯಾಂಡ್‌ಸೆಟ್‌ನಲ್ಲಿ ಚಾರ್ಜ್ ತುಂಬಿದ್ದರೂ ಅಷ್ಟೇ. ಪ್ಯಾನಾಸೋನಿಕ್‌ನ ಕೆಲವು ಮಾದರಿಗಳಲ್ಲಿ ಬೇಸ್ ಮೇಲಿಟ್ಟ ಹ್ಯಾಂಡ್‌ಸೆಟ್ಟೇ ಬೇಸ್‌ಗೆ ಸ್ವಲ್ಪ ಹೊತ್ತು ಶಕ್ತಿ ಕೊಡುತ್ತದೆ, ಅದು ಸಿಕ್ಕರೆ ಒಳ್ಳೆಯದು. ಲೈನ್ ಇನ್ನೂ ತಾಮ್ರದ್ದಾಗಿದ್ದರೆ ಹಳೆಯ ಫೋನನ್ನು ಎಸೆಯದೆ ಜೊತೆಯಲ್ಲೇ ಜೋಡಿಸಿಡಿ. ಫೈಬರ್ ಆಗಿದ್ದರೆ ಲೆಕ್ಕ ಬೇರೆ: ಫೋನಿನ ತಂತಿ ಚುಚ್ಚುವುದು ಗೋಡೆಯ ಫೈಬರ್ ಪೆಟ್ಟಿಗೆಗೆ, ಆ ಪೆಟ್ಟಿಗೆಗೂ ಕರೆಂಟ್ ಬೇಕು. ಆಗ ಪೆಟ್ಟಿಗೆ, ಬೇಸ್ ಎರಡನ್ನೂ ಇನ್ವರ್ಟರ್ ಲೈನಿಗೆ ಕೊಡಿಸಿ. ಪೆಟ್ಟಿಗೆಗೆ ಸಿಗುವ 12 ವೋಲ್ಟ್‌ನ ಪುಟ್ಟ ಯುಪಿಎಸ್‌ನ ಪಿನ್ನನ್ನು ಬೇಸ್‌ಗೆ ಹಾಕಬಾರದು. ಬೇಸ್‌ಗಳಿಗೆ ಸಾಮಾನ್ಯವಾಗಿ ಬೇಕಾಗುವುದು ಅದರ ಅರ್ಧದಷ್ಟು ವೋಲ್ಟ್, ಪಿನ್ ಕೂತರೂ ಸೆಟ್ ಉಳಿಯುವುದಿಲ್ಲ. ಗುಡುಗಿನ ಸಂಜೆಗಳಲ್ಲಿ ತಾಮ್ರದ ಲೈನಿನ ಬೇಸ್‌ನಿಂದ ಪ್ಲಗ್ ಮತ್ತು ಫೋನ್ ತಂತಿ ಎರಡನ್ನೂ ಕೀಳುವ ಅಭ್ಯಾಸ ಮನೆಯಲ್ಲಿ ಈಗಾಗಲೇ ಇರಬೇಕು.

ಡಬ್ಬದ ಮೇಲೆ ಬಯಲಿನಲ್ಲಿ 300 ಮೀಟರ್, ಒಳಗೆ 50 ಮೀಟರ್ ಎಂದು ಬರೆದಿರುತ್ತದೆ. ಜಂಬಿಟ್ಟಿಗೆಯ ದಪ್ಪ ಗೋಡೆಗಳ ಮನೆಗೆ ಆ ಲೆಕ್ಕ ಹಿಡಿಯಬೇಡಿ. ಎರಡು ಹ್ಯಾಂಡ್‌ಸೆಟ್ ಇರುವ ಸೆಟ್ ಕೊಳ್ಳಿ. ಒಂದು ಮಂಚದ ಪಕ್ಕ, ಇನ್ನೊಂದು ಅಡುಗೆಮನೆಯಲ್ಲಿ; ಎರಡನೆಯದರ ತೊಟ್ಟಿಲಿಗೆ ಪ್ಲಗ್ ಇದ್ದರೆ ಸಾಕು, ಫೋನ್ ಲೈನ್ ಬೇಕಿಲ್ಲ. ಹ್ಯಾಂಡ್‌ಸೆಟ್ ಒಳಗಿನ ಸೆಲ್‌ಗಳು ಟ್ರಿಪಲ್ ಎ ಅಳತೆಯ ನಿಕಲ್ ಮೆಟಲ್ ಹೈಡ್ರೈಡ್ ಆಗಿದ್ದರೆ ಸಾಗರದ ಪೇಟೆಯಲ್ಲೂ ಬದಲಿ ಸಿಗುತ್ತದೆ. ಕಂಪನಿಯದೇ ವಿಶೇಷ ಪ್ಯಾಕ್ ಆದರೆ ಕೆಲವು ವರ್ಷಗಳ ಮೇಲೆ ಆ ಪ್ಯಾಕ್ ಹುಡುಕಿಕೊಂಡು ಅಲೆಯುವುದಾಗುತ್ತದೆ. ರಿಮೋಟಿಗೆ ಹಾಕುವ ಮಾಮೂಲಿ ಸೆಲ್ ಹಾಕಬೇಡಿ ಎಂದು ಅಪ್ಪನಿಗೆ ಬಿಡಿಸಿ ಹೇಳಿ. ಚಾರ್ಜ್ ಆಗುವಾಗ ಅದು ಸೋರುತ್ತದೆ, ಒಡೆಯಲೂಬಹುದು.

ಕೊಳ್ಳುವ ದಿನ ಸಾಧ್ಯವಾದರೆ ಅವರಿಬ್ಬರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಕನ್ನಡಕವಿಲ್ಲದೆ ಅಂಕಿ ಕಾಣುತ್ತದೆಯೇ, ಹೆಬ್ಬೆರಳಿಗೆ ಬಟನ್ ಸಿಗುತ್ತದೆಯೇ, ರಿಂಗ್ ಜೋರಾಗಿ ಇದೆಯೇ ಎಂಬುದನ್ನು ಅವರೇ ಹೇಳಬೇಕು. ಕಿವಿಯ ಯಂತ್ರ ಹಾಕುವವರಿದ್ದರೆ ಅದನ್ನು ಹಾಕಿಕೊಂಡೇ ಹ್ಯಾಂಡ್‌ಸೆಟ್ ಹಿಡಿದು ನೋಡಲಿ, ಕುಂಯ್‌ಗುಟ್ಟಿದರೆ ಬೇರೆ ಸೆಟ್ ಕೇಳಿ. ಮನೆಗೆ ತಂದ ಮೇಲೆ ನಿಮ್ಮ ಪಾಲಿನ ಕೆಲಸ ಇನ್ನೊಂದಿದೆ. ಬೆಂಗಳೂರಿನಿಂದ ಕರೆ ಮಾಡಿ, ಗುಪ್ತ ಸಂಖ್ಯೆ ಒತ್ತಿ ಸಂದೇಶಗಳನ್ನು ಕೇಳುವ ಸೌಲಭ್ಯ ಈ ಯಂತ್ರಗಳಲ್ಲಿ ಇರುತ್ತದೆ. ಕಾರ್ಖಾನೆಯಿಂದ ಬಂದ ಸಂಖ್ಯೆ ಕೈಪಿಡಿಯಲ್ಲೇ ಅಚ್ಚಾಗಿರುವುದರಿಂದ ಮೊದಲ ದಿನವೇ ಅದನ್ನು ಬದಲಾಯಿಸಿ, ಹೊಸದನ್ನು ತಂಗಿಗೂ ತಿಳಿಸಿ.